ಮಾಡೆಲ್ ರೈಲು ಮಾಡುವವರು ಕೆಲವೇ ರೈಲ್ವೆಗಳ ಹಿಂದೆ ಬೀಳುವುದೇಕೆ?

ಮೊದಲ ಕಾರಣ ಬಣ್ಣ. ಅಮೆರಿಕದ ಸಾಂಟಾ ಫೆ ರೈಲ್ವೆ 1937ರಲ್ಲಿ ಡೀಸೆಲ್ ಎಂಜಿನ್ನಿಗೆ ಹಚ್ಚಿದ ಕೆಂಪು-ಬೆಳ್ಳಿ ಬಣ್ಣ ಇಂದಿಗೂ ಆಟಿಕೆ ಪೆಟ್ಟಿಗೆಗಳ ಮೇಲಿದೆ. ಆ ಕಂಪನಿ 1990ರ ದಶಕದಲ್ಲೇ ಬೇರೊಂದರಲ್ಲಿ ವಿಲೀನವಾಯಿತು. ಹೆಸರು ಅಳಿದ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಯಿತು ಅನ್ನಿ.

ಆದರೆ ನನ್ನ ಪ್ರಕಾರ ನಿಜವಾಗಿ ತೀರ್ಮಾನಿಸುವುದು ಮನೆಯಲ್ಲಿರುವ ಜಾಗ. ನಾನು ಬಳ್ಳಾರಿಯವನು. ತೋರಣಗಲ್ಲು ಕಡೆಯ ಅದಿರಿನ ಗೂಡ್ಸ್ ನೋಡುತ್ತಲೇ ಬೆಳೆದವನು, ಅದನ್ನೇ ಮಾಡೋಣ ಅಂದುಕೊಂಡೆ. 58 ವ್ಯಾಗನ್ನುಗಳ ಒಂದು ರೇಕ್, ಅಂದರೆ ಒಂದಕ್ಕೊಂದು ಜೋಡಿಸಿದ ಇಡೀ ಸಾಲು, 600 ಮೀಟರ್ ದಾಟುತ್ತದೆ. ಜನಪ್ರಿಯವಾದ 1:87 ಅಳತೆಗೆ, ಅಂದರೆ ನಿಜದ 87ನೇ ಒಂದು ಪಾಲಿಗೆ, ಇಳಿಸಿದರೂ ಸುಮಾರು 7 ಮೀಟರ್! ನಮ್ಮ ಪಡಸಾಲೆ ಅಷ್ಟುದ್ದ ಇಲ್ಲ. ಡಾರ್ಜಿಲಿಂಗ್ ರೈಲು ಹಾಗಲ್ಲ. ಹಳಿಯ ಅಗಲ 2 ಅಡಿ, ಪುಟ್ಟ ಎಂಜಿನ್, ಎರಡು-ಮೂರು ಬೋಗಿ, ಬಿಗಿಯಾದ ತಿರುವು. ಒಂದು ಮೇಜಿನ ಮೇಲೆ ಬೆಟ್ಟ ಸಮೇತ ಕೂರುತ್ತದೆ.

ಇನ್ನು, ಅಂಗಡಿಯಲ್ಲಿ ಸಿದ್ಧ ಮಾಡೆಲ್ ಸಿಗುವ ರೈಲ್ವೆಗೇ ಹೊಸಬರು ಅಂಟಿಕೊಳ್ಳುತ್ತಾರೆ. ಕೊಳ್ಳುವವರಿದ್ದರೆ ತಾನೇ ತಯಾರಕರು ಇನ್ನಷ್ಟು ಮಾಡುವುದು? ನಮ್ಮ ಅದಿರಿನ ವ್ಯಾಗನ್ನನ್ನು ನಾನಂತೂ ರಟ್ಟಿನಲ್ಲೇ ಕತ್ತರಿಸಿದೆ. ಕೆಂಪು ಧೂಳಿಗೆ ಮಾತ್ರ ಬಣ್ಣ ಕೊಳ್ಳಬೇಕಾಗಲಿಲ್ಲ, ಕಿಟಕಿ ತೆರೆದಿಟ್ಟರೆ ಸಾಕಾಯಿತು.