ಆ ಹಳ್ಳಿ ನಾಟಕಕ್ಕೆ ಕಾದಂಬರಿಯಲ್ಲಿ ಅಷ್ಟೊಂದು ಪುಟ ಯಾಕೆ?

ನೀವು ಕೇಳಿದ್ದು ಇಷ್ಟು: ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ 'ಬಿಟ್ವೀನ್ ದಿ ಆಕ್ಟ್ಸ್' ಕಾದಂಬರಿಯಲ್ಲಿ ಬರುವ ಹಳ್ಳಿ ನಾಟಕ ಅಷ್ಟೇನೂ ಚೆನ್ನಾಗಿಲ್ಲ, ಮಾತುಗಳೂ ಅರ್ಧಂಬರ್ಧ, ಅದನ್ನು ಪುಟಗಟ್ಟಲೆ ಯಾಕೆ ಓದಬೇಕು? ನನಗೆ ತುಂಬಾ ಇಷ್ಟವಾದ ಕಾದಂಬರಿ ಇದು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಡುವವರಿಗಿಂತ ಜಾಸ್ತಿ, ಕುರ್ಚಿ ಹಾಕಿಕೊಂಡು ಕೂತವರ ಕಡೆ ಕಣ್ಣಿಡಿ. ನಿಜವಾದ ಕಥೆ ಇರುವುದು ಅವರಲ್ಲಿ.

1939ರ ಜೂನ್ ತಿಂಗಳ ಒಂದು ದಿನ. ಯುದ್ಧಕ್ಕೆ ಇನ್ನು ಮೂರು ತಿಂಗಳೂ ಇಲ್ಲ. ಊರಿನ ಚರ್ಚಿಗೆ ಕರೆಂಟ್ ದೀಪ ಹಾಕಿಸಬೇಕು, ಆ ದುಡ್ಡಿಗಾಗಿ ಪಾಯಿಂಟ್ಸ್ ಹಾಲ್ ಎಂಬ ಮನೆಯ ಬಯಲಲ್ಲಿ ಪೇಜೆಂಟ್. ಅಂದರೆ ಊರಿನವರೇ ವೇಷ ಕಟ್ಟಿ ಇಂಗ್ಲೆಂಡಿನ ಚರಿತ್ರೆಯನ್ನು ಆಡಿ ತೋರಿಸುವುದು. 1905ರಲ್ಲಿ ಶೆರ್ಬರ್ನ್ ಊರಲ್ಲಿ ನಡೆದ ದೊಡ್ಡ ಪೇಜೆಂಟ್ ಆದಮೇಲೆ ಇಂಗ್ಲೆಂಡಿನಲ್ಲಿ ಇದರ ಹುಚ್ಚೇ ಹಬ್ಬಿತ್ತು. ವುಲ್ಫ್ ಅವರ ಗೆಳೆಯ, ಕಾದಂಬರಿಕಾರ ಇ. ಎಂ. ಫಾರ್‌ಸ್ಟರ್ ಕೂಡ 1934ರಲ್ಲಿ ಅಬಿಂಜರ್ ಎಂಬ ಹಳ್ಳಿಗೆ ಒಂದನ್ನು ಬರೆದುಕೊಟ್ಟಿದ್ದರು.

ಕಾದಂಬರಿಯಲ್ಲಿ ನಾಟಕ ಬರೆದು ಆಡಿಸುವವಳು ಮಿಸ್ ಲಾ ಟ್ರೋಬ್. ರಾಣಿ ಎಲಿಜಬೆತ್ ಆಗಿ ಬರುವವಳು ತಂಬಾಕಿನ ಅಂಗಡಿಯ ಎಲೈಜಾ ಕ್ಲಾರ್ಕ್. ಅವಳ ಬೆಳ್ಳಿ ಮೇಲಂಗಿ ನಿಜಕ್ಕೂ ಪಾತ್ರೆ ಉಜ್ಜುವ ನಾರಿನದು. ನಿಂತಿರುವುದು ಸೋಪಿನ ಪೆಟ್ಟಿಗೆ ಮೇಲೆ. ಅವಳು ಯಾರು ಅಂತ ನೋಡುವವರಿಗೆ ಗೊತ್ತು, ಆದರೂ ಒಂದು ಗಳಿಗೆ ಅವಳು ರಾಣಿಯೇ. ಈ ನಂಬಿಕೆ ಹುಟ್ಟುವುದು, ಕಳಚುವುದು, ಮತ್ತೆ ಹುಟ್ಟುವುದು, ಇದನ್ನೇ ವುಲ್ಫ್ ಹಿಂಬಾಲಿಸುತ್ತಾರೆ.

ಒಂದು ಕಡೆ ಹಾಡುವವರ ಮಾತನ್ನು ಗಾಳಿ ಹೊತ್ತೊಯ್ಯುತ್ತದೆ. ಬಾಯಿ ಆಡುತ್ತಿದೆ, ಏನೂ ಕೇಳಿಸುತ್ತಿಲ್ಲ. ಲಾ ಟ್ರೋಬ್ ಮರಕ್ಕೊರಗಿ ನಿಂತುಬಿಡುತ್ತಾಳೆ, ಇದು ಸಾವೇ ಅನ್ನಿಸುತ್ತದೆ ಅವಳಿಗೆ. ಅಷ್ಟರಲ್ಲಿ ಕರು ಕಳಕೊಂಡ ಒಂದು ಹಸು ಅಂಬಾ ಅನ್ನುತ್ತದೆ. ಉಳಿದ ದನಗಳೂ ದನಿಗೂಡಿಸುತ್ತವೆ. ನಾಟಕ ಬಿಟ್ಟುಹೋದ ಜಾಗವನ್ನು ದನಗಳ ಕೂಗು ತುಂಬುತ್ತದೆ! ಇಡೀ ಪುಸ್ತಕದಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಜಾಗ ಇದು.

ನಾಟಕದಲ್ಲಿ ವಿಕ್ಟೋರಿಯಾ ರಾಣಿಯ ಕಾಲ ಮುಗಿದ ಮೇಲೆ 'ಈಗಿನ ಕಾಲ' ಬರಬೇಕು. ಲಾ ಟ್ರೋಬ್ ಹತ್ತು ನಿಮಿಷ ಏನೂ ಆಡಿಸುವುದಿಲ್ಲ. ಜನ ಸುಮ್ನೆ ಕೂತು ಚಡಪಡಿಸುತ್ತಾರೆ. ಆಮೇಲೆ ಮಕ್ಕಳು, ವೇಷದವರು ಕೈಗನ್ನಡಿ, ತಗಡಿನ ಡಬ್ಬ, ಒಡಕು ಗಾಜು, ಹೊಳೆಯುವುದೇನೇ ಸಿಕ್ಕಿದರೂ ಹಿಡಿದು ಕುಣಿಯುತ್ತಾ ಬರುತ್ತಾರೆ. ಒಂದರಲ್ಲಿ ಮೂಗು, ಇನ್ನೊಂದರಲ್ಲಿ ಬರೀ ಲಂಗ. ಇಷ್ಟು ಹೊತ್ತು ಚರಿತ್ರೆ ನೋಡುತ್ತಿದ್ದವರು ಈಗ ಚೂರು ಚೂರಾಗಿ ತಮ್ಮನ್ನೇ ನೋಡಬೇಕು. ಎಲ್ಲರೂ ಮುಖ ತಪ್ಪಿಸಲು ನೋಡುತ್ತಾರೆ. ನೋಡಲು ಬಂದವರಲ್ಲಿ ಮಿಸೆಸ್ ಮನ್ರೇಸಾ ಒಬ್ಬಳೇ ಆ ಕನ್ನಡಿಯಲ್ಲೇ ಮೂಗಿಗೆ ಪೌಡರ್ ಹಚ್ಚಿಕೊಳ್ಳುತ್ತಾಳೆ. ಅವಳ ಧೈರ್ಯ ನನಗೆ ಇಷ್ಟ.

ನಂತರ ಪಾದ್ರಿ ದೀಪದ ಲೆಕ್ಕ ಹೇಳುತ್ತಾ ನಿಂತಾಗ ಹನ್ನೆರಡು ವಿಮಾನಗಳು ಸಾಲಾಗಿ ಹಾರಿಹೋಗುತ್ತವೆ. ಅವನ ಮಾತು ಪದದ ನಡುವೆಯೇ ತುಂಡಾಗುತ್ತದೆ. ಯುದ್ಧದ ಬಗ್ಗೆ ಅಲ್ಲಿ ಭಾಷಣ ಬೇಕಾಗಿಲ್ಲ, ಅಲ್ವಾ? ವುಲ್ಫ್ ಇದನ್ನು ಬರೆದು ಮುಗಿಸುವ ಹೊತ್ತಿಗೆ ಇಂಗ್ಲೆಂಡಿನ ಮೇಲೆ ನಿಜಕ್ಕೂ ಬಾಂಬ್ ಬೀಳುತ್ತಿದ್ದವು. ಪುಸ್ತಕ ಅಚ್ಚಾಗಿದ್ದು 1941ರ ಜುಲೈನಲ್ಲಿ, ಅವರು ತೀರಿಕೊಂಡ ಮೇಲೆ.

ತಾನು ಸೋತೆ ಅಂತಲೇ ಲಾ ಟ್ರೋಬ್ ಅಂದುಕೊಳ್ಳುತ್ತಾಳೆ. ನಾನು ಒಪ್ಪುವುದಿಲ್ಲ. ಸೈನ್ಯವನ್ನೇ ಬಿಟ್ಟು ಇದೆಂಥ ಚರಿತ್ರೆ ಅಂತ ಒಬ್ಬ ಕರ್ನಲ್ ಗೊಣಗುತ್ತಾನೆ, ನೋಡಿದವರು ಎದ್ದುಹೋಗುವಾಗಲೂ ನಾಟಕದ ಬಗ್ಗೆಯೇ ಮಾತಾಡುತ್ತಿರುತ್ತಾರೆ, ತಮಗೇನು ಅರ್ಥವಾಯಿತು ಅಂತ ಹುಡುಕುತ್ತಾರೆ. ಅದಕ್ಕಿಂತ ಏನು ಬೇಕು? ಎರಡನೇ ಸಲ ಓದುವಾಗ ಜನ ಚದುರಿಹೋಗುವ ಆ ಪುಟಗಳನ್ನು ಗಟ್ಟಿಯಾಗಿ ಓದಿ. ಯಾವ ಮಾತು ಯಾರದು ಅಂತ ತಲೆ ಕೆಡಿಸಿಕೊಳ್ಳಬೇಡಿ.