ಗಂಟೆ ಎಣಿಸಿದ್ದಾಯಿತು, ಊರಿಗೆ ಏನಾಯಿತು?

ಕಾಲೇಜುಗಳ ಸೇವಾ ಕಾರ್ಯಕ್ರಮದಿಂದ ಜನರಿಗೆ ಆದ ಪ್ರಯೋಜನವನ್ನು ಅಳೆಯುವುದು ಹೇಗೆ, ವರದಿ ಬರೆಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಏಳು ದಿನದ ಶಿಬಿರದಲ್ಲಿ ನಮ್ಮ 120 ಸ್ವಯಂಸೇವಕರು ದಿನಕ್ಕೆ 8 ಗಂಟೆ ದುಡಿದು 400 ಸಸಿ ನೆಟ್ಟರು. ವರದಿಯಲ್ಲಿ ‘6,720 ಗಂಟೆ ಸೇವೆ’ ಎಂದು ಬರೆದೆವು. ‘ಸರಿ, ಊರಿಗೆ ಏನಾಯಿತು?’ ಎಂದು ಪರಿಶೀಲನಾ ಸಮಿತಿಯವರು ಕೇಳಿದರು. ಏನು ಹೇಳಬೇಕು?
– ಸೇವಾ ಘಟಕದ ಸಂಯೋಜಕರು

ಉತ್ತರ: ಸಮಿತಿಯವರು ಕೇಳಿದ್ದರಲ್ಲಿ ನ್ಯಾಯವಿದೆ. 6,720 ಗಂಟೆ ಎಂಬುದು ಕಾಲೇಜು ಹಾಕಿದ ದುಡಿಮೆ. 400 ಸಸಿ ಆ ದುಡಿಮೆಯಿಂದ ಮುಗಿದ ಕೆಲಸ. ಊರಿನಲ್ಲಿ ಆದ ಬದಲಾವಣೆ ಇವೆರಡರಲ್ಲೂ ಕಾಣಿಸುವುದಿಲ್ಲ. ಸಸಿಯ ಮಟ್ಟಿಗೆ ಮೊದಲ ಬದಲಾವಣೆ ಎಂದರೆ ಎಷ್ಟು ಉಳಿದವು ಎಂಬುದು. ನೆರಳು, ಮಣ್ಣಿನ ಸವಕಳಿ ತಡೆ ಎಲ್ಲ ವರ್ಷಗಳ ಮೇಲಿನ ಮಾತು. ಅವನ್ನು ಶಿಬಿರದ ವರದಿಗೆ ಎಳೆದು ತರಬೇಡಿ.

ನೆಡುವ ದಿನವೇ ಪ್ರತಿ ಸಸಿಗೂ ಒಂದು ಸಂಖ್ಯೆ ಕೊಟ್ಟು, ಸಾಲುಗಳ ಕೈನಕ್ಷೆ ಬರೆದಿಡಿ. ಒಂದು ತಿಂಗಳಿಗೆ, ಮೊದಲ ಬೇಸಿಗೆ ಕಳೆದ ಮೇಲೆ, 12 ಮತ್ತು 24 ತಿಂಗಳಿಗೆ ಹೋಗಿ ಎಣಿಸಿ. ತಿಂಗಳೊಳಗೆ ಸತ್ತವು ಹೆಚ್ಚಾಗಿ ನಾಟಿಯ ತಪ್ಪಿನಿಂದ ಸತ್ತವು: ಬೇರಿನ ಮಣ್ಣುಂಡೆ ಒಡೆದಿರುತ್ತದೆ, ಪ್ಲಾಸ್ಟಿಕ್ ಚೀಲ ಬಿಚ್ಚದೆ ನೆಟ್ಟಿರುತ್ತಾರೆ, ಗುಂಡಿ ಆಳ ಸಾಲದೆ ಇರುತ್ತದೆ. ಬೇಸಿಗೆಯಲ್ಲಿ ಸತ್ತರೆ ನೀರು ಮತ್ತು ಬೇಲಿಯ ಕಡೆ ನೋಡಬೇಕು. ಎಲೆ ಉದುರಿದ್ದನ್ನೆಲ್ಲ ಸತ್ತಿದೆ ಎಂದು ಬರೆಯಬೇಡಿ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರಿದ್ದರೆ ಜೀವ ಇದೆ.

ಲೆಕ್ಕ ಕೆಡುವುದು ಮರುನಾಟಿಯಲ್ಲಿ. 400ರಲ್ಲಿ 150 ಸತ್ತು, ಆ ಜಾಗದಲ್ಲಿ 150 ಹೊಸ ಸಸಿ ಇಟ್ಟರೆ, ಮುಂದಿನ ಸಲ ಎಣಿಸಿದವರು ‘ಶೇ 100 ಉಳಿದಿವೆ’ ಎಂದು ಬರೆದುಬಿಡುತ್ತಾರೆ. ನಿಜವಾಗಿ ಉಳಿದದ್ದು ಶೇ 62.5. ಹೊಸ ಸಸಿಗೆ ಹೊಸ ಸಂಖ್ಯೆ ಕೊಟ್ಟರೆ ಈ ಗೊಂದಲ ಇರುವುದಿಲ್ಲ. ಈ ಸಲ ಸಮಿತಿಗೆ ಗಂಟೆ ಮತ್ತು ಸಸಿಯ ಲೆಕ್ಕವನ್ನೇ ಕೊಡಿ. ಜೊತೆಗೆ ನೀರು ಹಾಕುವ ಹೊಣೆ ಯಾರು ಒಪ್ಪಿಕೊಂಡಿದ್ದಾರೆ, ಮುಂದಿನ ಎಣಿಕೆ ಯಾವ ತಿಂಗಳು ಎಂಬುದನ್ನು ಬರೆಯಿರಿ.

ಪ್ರಶ್ನೆ: ಓದಿನಲ್ಲಿ ಹಿಂದುಳಿದ 60 ಮಕ್ಕಳಿಗೆ ಆರು ತಿಂಗಳು ಸಂಜೆ ಪಾಠ ಮಾಡಿದೆವು. ಸರಾಸರಿ ಅಂಕ 42ರಿಂದ 55ಕ್ಕೆ ಏರಿತು. ಕೊನೆಯ ಪರೀಕ್ಷೆಗೆ 41 ಮಕ್ಕಳು ಬಂದಿದ್ದರು. 13 ಅಂಕದ ಏರಿಕೆ ಎಂದು ಬರೆಯಬಹುದಲ್ಲವೇ?
– ವಿದ್ಯಾರ್ಥಿ ಸ್ವಯಂಸೇವಕಿ

ಉತ್ತರ: ಬರೆಯಬಾರದು. ಮೊದಲು ಆ 41 ಮಕ್ಕಳು ಆರಂಭದಲ್ಲಿ ಎಷ್ಟು ತೆಗೆದಿದ್ದರು ಎಂದು ನೋಡಿ. ಸಾಮಾನ್ಯವಾಗಿ ಬಿಟ್ಟುಹೋಗುವವರು ಕಷ್ಟಪಡುತ್ತಿದ್ದ ಮಕ್ಕಳೇ. ಉಳಿದ 41 ಮಕ್ಕಳ ಆರಂಭದ ಸರಾಸರಿ 47 ಇತ್ತು ಎಂದುಕೊಳ್ಳಿ. ಆಗ ಏರಿಕೆ 8 ಅಂಕ ಮಾತ್ರ, ಮಿಕ್ಕ 5 ಅಂಕ ಕಂಡದ್ದು 19 ಮಕ್ಕಳು ಪಟ್ಟಿಯಿಂದ ಜಾರಿಹೋದದ್ದರಿಂದ. ಆದ್ದರಿಂದ ಎರಡೂ ಪರೀಕ್ಷೆ ಬರೆದ ಮಕ್ಕಳನ್ನಷ್ಟೇ ಹೋಲಿಸಿ. 19 ಮಕ್ಕಳು ಏಕೆ ಬಿಟ್ಟರು ಎಂಬುದಕ್ಕೆ ವರದಿಯಲ್ಲಿ ಬೇರೆಯೇ ಒಂದು ಪ್ಯಾರಾ ಇರಲಿ. ನಿಜ ಹೇಳಬೇಕೆಂದರೆ, ಮುಂದಿನ ವರ್ಷ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಆ ಪ್ಯಾರಾನೇ.

ಎರಡನೆಯದಾಗಿ, ಆರು ತಿಂಗಳಲ್ಲಿ ಮಕ್ಕಳು ಶಾಲೆಯಲ್ಲೂ ಕಲಿತಿರುತ್ತಾರೆ. ನಿಮ್ಮ ತರಗತಿಗೆ ಬಾರದ, ಅದೇ ಮಟ್ಟದ ಮಕ್ಕಳಿಗೂ ಅದೇ ಎರಡು ಪರೀಕ್ಷೆ ಕೊಡಬೇಕಿತ್ತು. ಅವರೂ 5 ಅಂಕ ಏರಿದ್ದರೆ, ಮೇಲಿನ 8ರಲ್ಲಿ ನಿಮ್ಮ ಪಾಲಿಗೆ ಉಳಿಯುವುದು 3. ಮೂರನೆಯದು ಕಣ್ಣಿಗೆ ಬೀಳದ ತಪ್ಪು. ಒಂದು ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ತೆಗೆದವರನ್ನೇ ಆರಿಸಿಕೊಂಡರೆ, ಅವರಲ್ಲಿ ಕೆಲವರು ಆ ದಿನ ಜ್ವರದಲ್ಲಿದ್ದವರು, ನಿದ್ದೆಗೆಟ್ಟವರು. ಮರುಪರೀಕ್ಷೆಯಲ್ಲಿ ಪಾಠವಿಲ್ಲದೆಯೂ ಅವರ ಅಂಕ ಏರುತ್ತದೆ. ಹಾಗಾಗಿ ಮಕ್ಕಳನ್ನು ಆರಿಸುವುದಕ್ಕೆ ಒಂದು ಪರೀಕ್ಷೆ, ಆರಂಭದ ಅಂಕಕ್ಕೆ ವಾರ ಬಿಟ್ಟು ಇನ್ನೊಂದು ಪರೀಕ್ಷೆ ಇಡಿ.

ಪಾಠ ಮಾಡಿದವರೇ ಪರೀಕ್ಷಿಸಬೇಡಿ. ಗೊತ್ತಿಲ್ಲದೆಯೇ ಸುಳಿವು ಕೊಡುತ್ತಾರೆ. ಎರಡು ತಂಡಗಳಿದ್ದರೆ ಪರೀಕ್ಷಕರನ್ನು ಅದಲುಬದಲು ಮಾಡಿ. ಓದಿನ ವಿಷಯದಲ್ಲಿ ಅಂಕಕ್ಕಿಂತ ಮಟ್ಟ ಹೇಳುವುದು ಒಳ್ಳೆಯದು: ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ. ಪ್ರತಿ ಮಗುವನ್ನೂ ಬೇರೆಬೇರೆಯಾಗಿ ಕೂರಿಸಿ ಓದಿಸಿದರೆ ಐದಾರು ನಿಮಿಷ ಸಾಕು. ‘ಪದದಲ್ಲೇ ನಿಂತಿದ್ದ 18 ಮಕ್ಕಳಲ್ಲಿ 7 ಮಂದಿ ಈಗ ಪ್ಯಾರಾ ಓದುತ್ತಾರೆ’ ಎಂಬ ವಾಕ್ಯ ಪೋಷಕರಿಗೂ ಅರ್ಥವಾಗುತ್ತದೆ.

ಪ್ರಶ್ನೆ: ಕೆಲಸ ಶುರುಮಾಡುವ ಮೊದಲು ಯಾವ ಸಮೀಕ್ಷೆಯನ್ನೂ ಮಾಡಿರಲಿಲ್ಲ. ಈಗ ದಾರಿಯೇ ಇಲ್ಲವೇ?

ಉತ್ತರ: ಇದೆ, ಆದರೆ ಕಿರಿದು. ಬೇರೆಯವರು ಆಗಲೇ ಬರೆದಿಟ್ಟ ದಾಖಲೆ ಹುಡುಕಿ: ಶಾಲೆಯ ಹಾಜರಾತಿ ಪುಸ್ತಕ, ಗ್ರಂಥಾಲಯದಲ್ಲಿ ಪುಸ್ತಕ ಕೊಟ್ಟ ಲೆಕ್ಕ, ಆರೋಗ್ಯ ಕೇಂದ್ರದ ತಿಂಗಳವಾರು ಸಂಖ್ಯೆ. ವೈಯಕ್ತಿಕ ದಾಖಲೆ ಬೇಡ, ಒಟ್ಟು ಮೊತ್ತ ಸಾಕು. ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿ. ಪರೀಕ್ಷೆಯ ತಿಂಗಳನ್ನು ರಜೆಯ ತಿಂಗಳ ಜೊತೆ ಇಟ್ಟರೆ ಏನು ಬೇಕಾದರೂ ಸಾಬೀತಾಗುತ್ತದೆ. ‘ಆಗ ಹೇಗಿತ್ತು, ಈಗ ಹೇಗಿದೆ’ ಎಂದು ಒಂದೇ ಸಲ ಕೇಳುವ ವಿಧಾನವೂ ಉಂಟು. ಕೌಶಲ, ಆತ್ಮವಿಶ್ವಾಸದಂಥ ವಿಷಯಕ್ಕೆ ಅದು ಪರವಾಗಿಲ್ಲ. ಎಷ್ಟು ದಿನ ನೀರು ಬಂತು, ಎಷ್ಟು ಸಲ ಕಾಯಿಲೆ ಬಿದ್ದರು ಎಂಬುದಕ್ಕೆ ನೆನಪನ್ನು ನಂಬಬೇಡಿ. ಯಾವ ವಿಧಾನ ಬಳಸಿದಿರೋ ಅದನ್ನು ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿ.

ಪ್ರಶ್ನೆ: 300 ಮನೆಗಳ ಬಡಾವಣೆಯಲ್ಲಿ ಕೈತೊಳೆಯುವ ಅಭ್ಯಾಸದ ಬಗ್ಗೆ ತಿಳಿವಳಿಕೆ ಕೊಟ್ಟೆವು. ಎಷ್ಟು ಮನೆಗೆ ಹೋಗಿ ವಿಚಾರಿಸಬೇಕು?

ಉತ್ತರ: ನಿಮ್ಮ ಶೇಕಡಾ ಲೆಕ್ಕ 5 ಅಂಶ ಆಚೀಚೆಗಿಂತ ಹೆಚ್ಚು ತಪ್ಪಬಾರದು, ಅದೂ ಶೇ 95 ಭರವಸೆಯೊಂದಿಗೆ (ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ ಲೆಕ್ಕ ಆ ಮಿತಿಯೊಳಗೇ ಇರಬೇಕು) ಎಂದರೆ ಸುಮಾರು 170 ಮನೆ. 100 ಮನೆಗೆ ಹೋದರೆ ಆಚೀಚೆ 8, 60 ಮನೆಗೆ ಹೋದರೆ 11. ಕಾರ್ಯಕ್ರಮ ತಿದ್ದಿಕೊಳ್ಳುವುದಕ್ಕಷ್ಟೇ ಆದರೆ 60 ಸಾಕು. ಆದರೆ 60 ಮನೆಯಲ್ಲಿ ಶೇ 40 ಇದ್ದದ್ದು ಶೇ 46 ಆಯಿತು ಎಂದು ಸಂಭ್ರಮಿಸಬೇಡಿ, ಅದು ಆಕಸ್ಮಿಕವೂ ಇರಬಹುದು.

ಸಂಖ್ಯೆಗಿಂತ ಆಯ್ಕೆ ಮುಖ್ಯ. ಸ್ವಯಂಸೇವಕರು ಮುಖ್ಯ ರಸ್ತೆಯ, ಬಾಗಿಲು ತೆರೆದಿರುವ, ನಗುಮುಖದ ಮನೆಗೇ ಹೋಗುತ್ತಾರೆ. 100 ಮನೆ ಬೇಕಿದ್ದರೆ ಪಟ್ಟಿಯ ಮೊದಲ ಮೂರರಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಮೂರನೆಯ ಮನೆ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗದೆ, ಬೇರೆ ಹೊತ್ತಿನಲ್ಲಿ ಎರಡು ಸಲ ಮರಳಿ ಹೋಗಿ. ದುಡಿಯುವವರ ಮನೆಯೇ ಹಗಲಲ್ಲಿ ಮುಚ್ಚಿರುವುದು.

‘ಊಟಕ್ಕೆ ಮುಂಚೆ ಕೈ ತೊಳೆಯುತ್ತೀರಾ?’ ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ‘ಕೈ ತೊಳೆಯುವ ಜಾಗ ತೋರಿಸುತ್ತೀರಾ?’ ಎಂದು ಕೇಳಿ, ಅಲ್ಲಿ ಆ ಹೊತ್ತಿಗೆ ನೀರು, ಸೋಪು ಇದೆಯೇ ನೋಡಿ. ಜಾಗತಿಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಲೆಕ್ಕ ಇಡುವುದೂ ಇದನ್ನೇ. ಹತ್ತು–ಹನ್ನೆರಡು ಪ್ರಶ್ನೆ ಮೀರದಿರಲಿ. ಐದು ಜನರ ಬಳಿ ಮೊದಲು ಕೇಳಿ ನೋಡಿದರೆ ಅರ್ಥವಾಗದ ಪ್ರಶ್ನೆಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಪ್ರಶ್ನೆ: ಸೇವೆಯ ಗಂಟೆಗಳನ್ನು ಹಣಕ್ಕೆ ಪರಿವರ್ತಿಸಿ ತೋರಿಸಬಹುದೇ? ರಕ್ತದಾನದಲ್ಲಿ 85 ಯೂನಿಟ್ ಸಂಗ್ರಹವಾಗಿದೆ. ‘255 ಜೀವ ಉಳಿಸಿದೆವು’ ಎಂದು ಬರೆಯಬಹುದೇ?

ಉತ್ತರ: ಹಣದ ಲೆಕ್ಕ ತೋರಿಸಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಕೈಪಿಡಿ ಹೇಳುವಂತೆ, ಅದೇ ಕೆಲಸಕ್ಕೆ ಕೂಲಿ ಕೊಟ್ಟು ಜನರನ್ನು ಇಟ್ಟಿದ್ದರೆ ಎಷ್ಟಾಗುತ್ತಿತ್ತು ಎಂದು ನೋಡಬೇಕು. ನುರಿತವರು 3 ಗಂಟೆಯಲ್ಲಿ ಬಳಿಯುವ ಗೋಡೆಗೆ ವಿದ್ಯಾರ್ಥಿಗಳು 8 ಗಂಟೆ ತೆಗೆದುಕೊಂಡಿದ್ದರೆ 3 ಗಂಟೆಯ ಕೂಲಿಯಷ್ಟೇ ಹಿಡಿಯಿರಿ. ಪ್ರಯಾಣ, ಊಟ, ತರಬೇತಿಯ ಹೊತ್ತನ್ನು ಸೇರಿಸಬೇಡಿ. ಇಷ್ಟಾದರೂ ಅದು ಕೊಟ್ಟ ದುಡಿಮೆಯ ಬೆಲೆ, ಜನರಿಗೆ ಆದ ಲಾಭದ ಬೆಲೆಯಲ್ಲ.

255 ಜೀವದ ಮಾತು ಬಿಡಿ. ಒಂದು ಯೂನಿಟ್ಟನ್ನು ಕೆಂಪು ರಕ್ತಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಎಂದು ಬೇರ್ಪಡಿಸಬಹುದು ಎಂಬುದರಿಂದ ಹುಟ್ಟಿದ ಘೋಷಣೆ ಅದು. ಎಲ್ಲ ಯೂನಿಟ್ಟೂ ಹಾಗೆ ಬೇರ್ಪಡುವುದಿಲ್ಲ, ಒಬ್ಬ ರೋಗಿಗೇ ಹಲವು ಯೂನಿಟ್ ಬೇಕಾಗಬಹುದು. ಬಂದವರೆಷ್ಟು, ತಪಾಸಣೆಯಲ್ಲಿ ಹಿಂದೆ ಕಳಿಸಿದ್ದು ಎಷ್ಟು ಜನರನ್ನು, ಕೊಟ್ಟವರೆಷ್ಟು, ಅವರಲ್ಲಿ ಎರಡನೇ ಸಲ ಬಂದವರೆಷ್ಟು ಎಂದು ಬರೆಯಿರಿ. ಬಳಸದೆ ಚೆಲ್ಲಿದ್ದು ಎಷ್ಟು ಎಂದು ರಕ್ತನಿಧಿಯವರನ್ನು ಕೇಳಿ.

ಪ್ರಶ್ನೆ: ಪ್ರತಿ ವರ್ಷ ಕಾಲೇಜಿನ ಮಕ್ಕಳು ನಮ್ಮಲ್ಲಿಗೆ ಬಂದು ಅದೇ ಪ್ರಶ್ನೆ ಕೇಳಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆ ವರದಿಯಲ್ಲಿ ಏನಿದೆ ಎಂದು ಒಂದು ಸಲವೂ ನೋಡಿಲ್ಲ. ನಾವು ಏನು ಕೇಳಬಹುದು?
– ಶಿಬಿರ ನಡೆಯುವ ಊರಿನವರು

ಉತ್ತರ: ನೀವು ಮೂರು ವಿಷಯ ಕೇಳಿ, ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲೇ ಕೇಳಿ. ಒಂದು, ಏನನ್ನು ಅಳೆಯಬೇಕು ಎಂದು ತೀರ್ಮಾನಿಸುವಾಗ ನಿಮ್ಮವರು ಇಬ್ಬರಾದರೂ ಕೂತಿರಬೇಕು. ಕಾಲೇಜಿಗೆ ಗೋಡೆಬರಹ ದೊಡ್ಡದಾಗಿ ಕಂಡರೆ ನಿಮಗೆ ಚರಂಡಿ ದೊಡ್ಡದಿರಬಹುದು. ಎರಡು, ಕಳೆದ ವರ್ಷದ ಉತ್ತರಗಳನ್ನು ತೋರಿಸಿದ ಮೇಲೆ ಹೊಸ ಪ್ರಶ್ನೆ. ಮೂರು, ಮುದ್ರಣಕ್ಕೆ ಹೋಗುವ ಮೊದಲು ಒಂದು ಪುಟದ ಸಾರವನ್ನು ನಿಮ್ಮ ಭಾಷೆಯಲ್ಲಿ ಸಭೆಯಲ್ಲಿ ಓದಿ ಹೇಳಬೇಕು, ತಪ್ಪಿದ್ದರೆ ತಿದ್ದುವ ಅವಕಾಶ ಇರಬೇಕು.

ಇದು ಕಾಲೇಜಿನವರು ಮಾಡುವ ಉಪಕಾರವೇನೂ ಅಲ್ಲ. ಸಮುದಾಯದ ಜೊತೆ ಸೇರಿ ಕೆಲಸ ಮಾಡುವ ಕಾಲೇಜು, ವಿಶ್ವವಿದ್ಯಾಲಯಗಳನ್ನು ಗುರುತಿಸಲು ಅಮೆರಿಕದಲ್ಲಿ 2006ರಿಂದ ಇರುವ ಕಾರ್ನೆಗಿ ಸಮುದಾಯ ಸಹಭಾಗಿತ್ವ ವರ್ಗೀಕರಣವೂ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇರಬೇಕು ಎನ್ನುತ್ತದೆ. ಮಕ್ಕಳ ಫೋಟೊಗೆ ಪೋಷಕರ ಒಪ್ಪಿಗೆ ಬೇಕು. ಕಾಯಿಲೆ, ಸಾಲ, ಕುಡಿತದಂಥ ವಿಷಯದಲ್ಲಿ ಐದಕ್ಕಿಂತ ಕಡಿಮೆ ಮನೆಗಳ ಅಂಕಿ ಬಂದರೆ ಅದನ್ನು ಬೇರೆ ಗುಂಪಿನ ಜೊತೆ ಸೇರಿಸಿ ಬರೆಯಬೇಕು. ಇಲ್ಲದಿದ್ದರೆ ಹೆಸರು ಹಾಕದೆಯೂ ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ. ಇನ್ನೊಂದು ಲೆಕ್ಕವನ್ನೂ ಕೇಳಿ ಪಡೆಯಿರಿ: ಶಿಬಿರಕ್ಕಾಗಿ ಅಡುಗೆ, ವಸತಿ, ದಾರಿ ತೋರಿಸುವುದು, ಪ್ರಶ್ನೆಗೆ ಉತ್ತರಿಸುವುದು ಎಂದು ನಿಮ್ಮವರು ಕೊಟ್ಟ ಗಂಟೆಗಳು ಎಷ್ಟು? ಕಾಲೇಜಿನ ಗಂಟೆಗಳ ಪಕ್ಕದ ಸಾಲಿನಲ್ಲೇ ಅವು ಅಚ್ಚಾಗಲಿ.