ಸಂಪಾದಕರ ಉತ್ತರ: ಬಾವಿಯಲ್ಲಿ ನೀರುಂಟು

ಕೇರಳದ ನಮ್ಮ ಕಾಸರಗೋಡಿನ ಬದಿಯಡ್ಕ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಾರಾಂಶ ಇಷ್ಟು: ಮಗಳಿಗೆ ಮದುವೆಯಾಗಿ ಐದು ವರ್ಷ, ಮಕ್ಕಳಾಗಿಲ್ಲ. ಮಂಗಳೂರಿನಲ್ಲಿ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆದರು. ಎರಡೂ ಕಡೆ ನಾಳ ಬ್ಲಾಕ್ ಆಗಿದೆ, ಹಿಂದೆ ಯಾವಾಗಲೋ ಇನ್ಫೆಕ್ಷನ್ ಆಗಿರಬೇಕು ಎಂದರು. "ನನ್ನ ಮಗಳಿಗೆ ಒಂದು ದಿನ ಹೊಟ್ಟೆನೋವಿಲ್ಲ, ಜ್ವರವಿಲ್ಲ, ಬಿಳಿ ಹೋದದ್ದಿಲ್ಲ. ಗಂಡನ ಮನೆಯಲ್ಲಿ ಈಗ ಮಾತು ಬೇರೆಯೇ ದಾರಿ ಹಿಡಿದಿದೆ. ಕಳೆದ ತಿಂಗಳು ನೀವು ಬಂಜೆತನದ ಲೇಖನ ಹಾಕಿ ಬೆಂಕಿಗೆ ತುಪ್ಪ ಸುರಿದಿರಿ. ಮನೆಗೆ ಬರುವ ಪತ್ರಿಕೆಯಲ್ಲಿ ಇಂಥದ್ದೆಲ್ಲ ಬೇಕಾ? ಆದರೂ ಕೇಳುತ್ತೇನೆ, ಏನೂ ಗೊತ್ತಾಗದೆ ರೋಗ ಬರುತ್ತದಾ?"

ಅಕ್ಕ, ನಿಮ್ಮ ಕೊನೆಯ ಸಾಲಿಗೇ ಮೊದಲು ಉತ್ತರ. ಬರುತ್ತದೆ. ಬಂದು, ಕೂತು, ಕೆಲಸ ಮುಗಿಸುತ್ತದೆ.

ನನ್ನ ಅಜ್ಜನ ಮನೆ ಬಾಯಾರಿನ ಹತ್ತಿರ. ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೇ ಮನೆಗೂ ತೋಟಕ್ಕೂ. ಅಡಿಕೆ ದಂಬೆಯಲ್ಲಿ ಹರಿದು ಬಂದು ಅಂಗಳದ ಕಲ್ಲುಮರಿಗೆಗೆ ಬೀಳುತ್ತಿತ್ತು. ಒಂದು ಬೇಸಿಗೆ ನೀರು ಬೆರಳಿನಷ್ಟಾಯಿತು, ಆಮೇಲೆ ನೂಲಿನಷ್ಟು, ಆಮೇಲೆ ನಿಂತೇ ಹೋಯಿತು. ಸುರಂಗದ ಬಾಯಿ ನೋಡಿದರೆ ಏನೂ ಆಗಿಲ್ಲ, ಮೊದಲಿನ ಹಾಗೇ ಇದೆ. ಮೇಣದ ಬತ್ತಿ ಹಿಡಿದು ಒಳಗೆ ತೆವಳಿದ ಆಳು ಹೊರಗೆ ಬಂದು ಮಂಡಿಯ ಕೆಸರು ಒರೆಸಿಕೊಳ್ಳುತ್ತಾ ಹೇಳಿದ: "ಒಳಗೆ ಜರಿದು ಸುಮಾರು ಕಾಲ ಆಗಿದೆ ಧಣಿ, ಬೇರು ಇಳಿದಿದೆ." ಅಷ್ಟು ದಿನ ನಾವು ಅದೇ ನೀರು ಕುಡಿಯುತ್ತಿದ್ದೆವು, ಒಬ್ಬರಿಗೂ ಸುದ್ದಿ ಇಲ್ಲ.

ಹೆಂಗಸಿನ ಅಂಡನಾಳ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ. ಗರ್ಭಕೋಶ ಸೇರುವ ಕಡೆ ಅದರ ತೂತು ಒಂದು ಮಿಲಿಮೀಟರಿನ ಆಸುಪಾಸು. ಒಳಗೆಲ್ಲ ಕಣ್ಣಿಗೆ ಕಾಣದ ರೋಮ, ಅಂಡವನ್ನು ಮೆಲ್ಲ ಮೆಲ್ಲ ಮುಂದೆ ತಳ್ಳುವುದಕ್ಕೆ. ಲೈಂಗಿಕ ಸಂಪರ್ಕದಿಂದ ಹರಡುವ ಕ್ಲಮೀಡಿಯ ಎಂಬ ಬ್ಯಾಕ್ಟೀರಿಯ ಇಲ್ಲಿಗೆ ಏರಿದರೆ ರೋಮ ಉದುರುತ್ತದೆ, ಗಾಯ ಮಾಯುವಾಗ ಗೋಡೆಗೆ ಗೋಡೆ ಅಂಟಿಕೊಳ್ಳುತ್ತದೆ. ಈ ಸೋಂಕು ತಗುಲಿದ ಹೆಂಗಸರಲ್ಲಿ ಮುಕ್ಕಾಲು ಪಾಲಿಗೆ ಯಾವ ತೊಂದರೆಯೂ ಕಾಣಿಸುವುದಿಲ್ಲ. ಗಂಡಸರಲ್ಲೂ ಅರ್ಧದಷ್ಟು ಜನಕ್ಕೆ ಗೊತ್ತೇ ಆಗುವುದಿಲ್ಲ. ಅಂದರೆ ಕೊಟ್ಟವನಿಗೂ ಗೊತ್ತಿಲ್ಲ, ಪಡೆದವಳಿಗೂ ಗೊತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2020ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಹೊಸದಾಗಿ ತಗುಲಿದವರು ಸುಮಾರು 13 ಕೋಟಿ. ಅದೇ ದಾರಿಯಲ್ಲಿ ಹರಡುವ ಗೊನೊರಿಯ ಎಂಬ ರೋಗ ಇದರ ಜೊತೆಗಾರ, ಅದೂ ಹೆಂಗಸರಲ್ಲಿ ಸದ್ದು ಮಾಡುವುದು ಕಡಿಮೆ.

ಈ ಕ್ಲಮೀಡಿಯ ವಿಜ್ಞಾನಿಗಳಿಗೂ ಚಳ್ಳೆಹಣ್ಣು ತಿನ್ನಿಸಿದ ಪ್ರಾಣಿ. 1907ರಲ್ಲೇ ಜಾವಾದಲ್ಲಿ ಕಣ್ಣುರೋಗದವರ ಕಣ್ಣಿನಲ್ಲಿ ಕಂಡಿತ್ತು. ಆದರೆ ಲ್ಯಾಬಿನ ಮಾಮೂಲಿ ತಟ್ಟೆಯಲ್ಲಿ ಬೆಳೆಯದು, ಜೀವಂತ ಕೋಶದ ಒಳಗೇ ಬೇಕು. ಹಾಗಾಗಿ ಎಷ್ಟೋ ವರ್ಷ ಇದನ್ನು ವೈರಸ್ ಎಂದೇ ಎಣಿಸಿದ್ದರು. 1950ರ ದಶಕದಲ್ಲಿ ಚೀನಾದ ಟಾಂಗ್ ಫೇಫಾನ್ ಇದನ್ನು ಕೋಳಿಮೊಟ್ಟೆಯಲ್ಲಿ ಬೆಳೆಸಿದರು. ಇದೇ ಹೌದಾ ಎಂದು ತಿಳಿಯಲು ತಮ್ಮ ಕಣ್ಣಿಗೇ ಬಿಟ್ಟುಕೊಂಡರು! ಕಣ್ಣಿನದ್ದೂ ಕೆಳಗಿನದ್ದೂ ಒಂದೇ ಜಾತಿ, ಒಳಪಂಗಡ ಮಾತ್ರ ಬೇರೆ. ಇಷ್ಟು ಬುದ್ಧಿವಂತರಿಂದ ಇಷ್ಟು ವರ್ಷ ತಪ್ಪಿಸಿಕೊಂಡದ್ದು ನಿಮ್ಮ ಮಗಳಿಗೆ ಯಾಕೆ ಗೊತ್ತಾಗಲಿಲ್ಲ ಎಂದು ಬೀಗರು ಕೇಳುವುದು ಯಾವ ನ್ಯಾಯ?

ಈಗ ಬೀಗರ ಮನೆಯ ಮಾತಿಗೆ ಬರುತ್ತೇನೆ. ಅವರಿಗೂ ಮೊಮ್ಮಕ್ಕಳ ಆಸೆ ಇರುತ್ತದೆ, ಒಪ್ಪೋಣ. ಆದರೆ ಎಕ್ಸ್‌ರೇ ಫಿಲ್ಮಿನಲ್ಲಿ ನಾಳ ಕಾಣುತ್ತದೆ, ನಡತೆ ಕಾಣುವುದಿಲ್ಲ. ನಾಳದೊಳಗಿನ ಗಾಯದ ಕಲೆ ಯಾವ ವರ್ಷದ್ದು, ಯಾರಿಂದ ಬಂದದ್ದು ಎಂದು ಯಾವ ಡಾಕ್ಟರೂ ಹೇಳಲಾರರು. ಮದುವೆಗೆ ಮೊದಲೇ ಗಂಡನಿಗೆ ತಗುಲಿ ಸುಮ್ನೆ ಕೂತದ್ದಿರಬಹುದು. ಹೆರಿಗೆ, ಗರ್ಭಪಾತದ ನಂತರದ ನಂಜಿನಿಂದಲೂ ಆಗುತ್ತದೆ. ಅಪೆಂಡಿಕ್ಸ್ ಒಡೆದರೂ ಆಗುತ್ತದೆ. ಇನ್ನು ಕ್ಷಯ. ನಮ್ಮ ದೇಶದಲ್ಲಿ ನಾಳ ಕಟ್ಟಿಕೊಳ್ಳಲು ಟಿಬಿ ಒಂದು ದೊಡ್ಡ ಕಾರಣ. ಶ್ವಾಸಕೋಶದಿಂದ ರಕ್ತದ ಮೂಲಕ ಬಂದು ಮೊದಲು ಅಂಡನಾಳವನ್ನೇ ಹಿಡಿಯುತ್ತದೆ. ಕೆಮ್ಮಿರಬೇಕೆಂದಿಲ್ಲ, ಜ್ವರ ಇರಬೇಕೆಂದಿಲ್ಲ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಮಲಗುತ್ತಿದ್ದ ಅಜ್ಜನಿಂದ ಬಂದ ಟಿಬಿಗೆ ಸೊಸೆಯ ಮಾನ ಹರಾಜು ಹಾಕುತ್ತೀರಾ ಎಂದು ಕೇಳಿ ಅವರನ್ನು.

ನಿಮ್ಮನ್ನೂ ಸ್ವಲ್ಪ ಗದರಬೇಕು. ಬಿಳಿ ಹೋದದ್ದಿಲ್ಲ ಎಂದು ಮೂರು ಸಲ ಬರೆದಿದ್ದೀರಿ, ಅದೇನೋ ಸರ್ಟಿಫಿಕೇಟ್ ಎಂಬ ಹಾಗೆ. ಬಿಳಿ ಹೋಗುವ ಎಷ್ಟೋ ಹೆಂಗಸರಿಗೆ ಯಾವ ರೋಗವೂ ಇರುವುದಿಲ್ಲ, ರೋಗ ಇರುವ ಎಷ್ಟೋ ಜನಕ್ಕೆ ಬಿಳಿ ಹೋಗುವುದಿಲ್ಲ. ಇದನ್ನು ಬರೆದರೆ ಪತ್ರಿಕೆಯ ಮರ್ಯಾದೆ ಹೋಗುತ್ತದೆ ಎನ್ನುತ್ತೀರಿ. ಹಾಗಾದರೆ ನನಗೇ ಯಾಕೆ ಕೇಳಿದಿರಿ? ಬೇರೆ ಯಾರ ಹತ್ತಿರವೂ ಕೇಳಲು ಆಗಲಿಲ್ಲ, ಅಲ್ವಾ?

ನನ್ನ ಹಳೆಯ ಹುಣ್ಣು ಇರುವುದು ಅಲ್ಲೇ. ಅತ್ತಿಗೆ ವಿಟ್ಲ ಕಡೆಯಿಂದ ಮದುವೆಯಾಗಿ ಬಂದವರು, ಮಲಯಾಳ ಆಗ ಒಂದಕ್ಷರ ಬಾರದು. ಮೂವತ್ತು ವರ್ಷದ ಹಿಂದೆ ಗಡಿಯ ಈಚೆಗಿನ ಒಂದು ಆಸ್ಪತ್ರೆಗೆ ಅಣ್ಣ ಕರೆದುಕೊಂಡು ಹೋದ, ನಾನೂ ಜೊತೆಗಿದ್ದೆ. ನರ್ಸ್ ತಲೆ ಎತ್ತದೆ ಕೇಳಿದರು: "ವೆಳ್ಳಪೋಕ್ಕ್ ಉಂಡೋ?" ಬಿಳಿ ಹೋಗುತ್ತದಾ ಎಂದರ್ಥ. ವೆಳ್ಳಂ ಅಂದರೆ ನೀರು ಎಂಬುದೊಂದು ಮಾತ್ರ ಅತ್ತಿಗೆಗೆ ಗೊತ್ತು. ಮನೆಯ ನೀರಿನ ವಿಚಾರ ಅಂದುಕೊಂಡು, "ಇಲ್ಲ ಇಲ್ಲ, ಬಾವಿಯಲ್ಲಿ ನೀರುಂಟು" ಎಂದರು. ನರ್ಸಿಗೆ ಇಲ್ಲ ಎಂಬುದಷ್ಟೇ ಕೇಳಿಸಿತು, ಹಾಗೇ ಬರೆದುಕೊಂಡರು. ಮನೆಗೆ ಬಂದು ನಾವು ಹೊಟ್ಟೆ ಹಿಡಿದು ನಕ್ಕೆವು. ಅತ್ತಿಗೆ ನಗಲಿಲ್ಲ. ಆಮೇಲೆ ಎರಡು ವರ್ಷ ಅವರು ಯಾವ ಆಸ್ಪತ್ರೆಯ ಮೆಟ್ಟಿಲೂ ಹತ್ತಲಿಲ್ಲ.

ನೋವಿರುವ ರೋಗಕ್ಕೆ ಭಾಷೆ ಬೇಡ, ಹೊಟ್ಟೆ ಹಿಡಿದು ತೋರಿಸಿದರೆ ಸಾಕು. ಲಕ್ಷಣವಿಲ್ಲದ ರೋಗದಲ್ಲಿ ತೋರಿಸಲು ಏನೂ ಇಲ್ಲ. ಡಾಕ್ಟರೇ ಕೇಳಬೇಕು, ನಮಗೆ ಅರ್ಥವಾಗುವ ಹಾಗೆ ಕೇಳಬೇಕು, ಗಂಡನನ್ನೂ ಕೂರಿಸಿ ಕೇಳಬೇಕು. ನಮ್ಮಲ್ಲಿ ಈಗ ಚೆನ್ನಾಗಿ ಕೇಳುವವರು ಜೋಯಿಸರು ಮಾತ್ರ. ಪ್ರಶ್ನೆ ಇಡಲು ಹೋಗಿ ನೋಡಿ. ಕವಡೆ ಮಗುಚಿ, ಮೂರು ತಲೆಮಾರು, ಪಾಲುಬಿದ್ದ ನಾಗಬನ, ಅಜ್ಜಿ ಹೇಳಿಕೊಂಡು ತೀರಿಸದ ಹರಕೆ, ಎಲ್ಲ ಅರ್ಧ ದಿನ ಕೂತು ವಿಚಾರಿಸುತ್ತಾರೆ, ಅದೂ ನಮ್ಮದೇ ಮಾತಿನಲ್ಲಿ. ಆಮೇಲೆ ನಾಗದೋಷ ಎಂದು ಆಶ್ಲೇಷ ಬಲಿಗೆ ಕುಕ್ಕೆಗೆ ಹೋಗುತ್ತೀರಿ, ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಇನ್ನು ಕೆಲವರಿಗೆ ಎಲ್ಲದಕ್ಕೂ ಎಂಡೋಸಲ್ಫಾನ್ ಕೀಟನಾಶಕವೇ ಕಾರಣ. ಗೇರುತೋಟದ ಮೇಲೆ 2000ದವರೆಗೆ ಸುರಿದ ಆ ವಿಷ ಏನು ಮಾಡಿತು ಎಂದು ನಮ್ಮ ಎಣ್ಮಕಜೆ ಊರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಾಗನ ಮೇಲೂ ಗೇರುತೋಟದ ಮೇಲೂ ಹಾಕಿ ಕೂತರೆ ಟೆಸ್ಟ್ ಮಾಡಿಸುವವರು ಯಾರು?

ಡಾಕ್ಟರರ ಕಷ್ಟವೂ ಉಂಟು. ಒಪಿಯಲ್ಲಿ, ಅಂದರೆ ಹೊರರೋಗಿ ವಿಭಾಗದಲ್ಲಿ, ಸಂತೆಯಷ್ಟು ಜನ, ಒಬ್ಬೊಬ್ಬರಿಗೆ ಮೂರು ನಿಮಿಷ. ಸರ್ಕಾರದ ಪದ್ಧತಿಯೂ ಹಾಗೇ ಇದೆ: ದೂರು ಹೇಳಿಕೊಂಡು ಬಂದವರಿಗೆ ಬಣ್ಣ ಬಣ್ಣದ ಔಷಧಿ ಕಿಟ್ ಕೊಡುತ್ತಾರೆ. ದೂರೇ ಇಲ್ಲದವರು ಆ ಬಾಗಿಲಿಗೆ ಬರುವುದೇ ಇಲ್ಲವಲ್ಲ. ಅಮೆರಿಕದಲ್ಲಿ 25ರೊಳಗಿನ ಲೈಂಗಿಕ ಸಂಪರ್ಕವಿರುವ ಹೆಂಗಸರು ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಕ್ಲಮೀಡಿಯ ಟೆಸ್ಟ್ ಮಾಡಿಸಿಕೊಳ್ಳಬೇಕು ಎಂಬ ಸಲಹೆ ಇದೆ. ಬೇಗ ಸಿಕ್ಕಿದರೆ ಒಂದು ವಾರದ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲಿ ಮುಗಿಯುವ ಕತೆ. ಗಂಡನಿಗೂ ಒಟ್ಟಿಗೇ ಕೊಡಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ. ಸ್ವೀಡನ್ನಿನ ಲುಂಡ್ ಊರಿನಲ್ಲಿ ವರ್ಷಗಟ್ಟಲೆ ಲೆಕ್ಕ ಇಟ್ಟು 1992ರಲ್ಲಿ ಪ್ರಕಟಿಸಿದ್ದಾರೆ. ಇಂಥ ಸೋಂಕಿನಿಂದ ಗರ್ಭಕೋಶ, ನಾಳಗಳ ಉರಿಯೂತ ಒಂದು ಸಲ ಆದವರಲ್ಲಿ ನಾಳ ಕೆಟ್ಟು ಮಕ್ಕಳಾಗದಿದ್ದದ್ದು 100ಕ್ಕೆ ಸುಮಾರು 8 ಜನಕ್ಕೆ, ಎರಡು ಸಲ ಆದವರಲ್ಲಿ ಸುಮಾರು 20, ಮೂರು ಅಥವಾ ಹೆಚ್ಚು ಸಲವಾದರೆ 40.

ಕನ್ನಡ ಶಾಲೆಗೆ ಮಲಯಾಳ ಮಾತ್ರ ಬರುವ ಮೇಷ್ಟ್ರನ್ನು ಹಾಕಿದಾಗ ನಾವು ಬೀದಿಗಿಳಿದೆವು. ಸರಿ, ಇಳಿಯಲೇಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ, ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ, ಗಡಿ, ಚಂದ್ರಗಿರಿ ಹೊಳೆ ಎಂದು ಭಾಷಣ ಬಿಗಿದು ಗಂಟಲು ಒಣಗಿಸಿಕೊಂಡಿದ್ದೇವೆ, ನಾನೂ ಬಿಗಿದಿದ್ದೇನೆ. 2020ರ ಕೊರೊನಾದಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿ ರೋಗಿಗಳು ಈಚೆಗೇ ಉಳಿದಾಗ ಮಾತ್ರ ಆಸ್ಪತ್ರೆ ನೆನಪಾಯಿತು, ಆಮೇಲೆ ಮರೆತೂ ಹೋಯಿತು. ಹೆಂಗಸರ ಒಪಿಯಲ್ಲಿ ಕನ್ನಡ ಅಥವಾ ತುಳು ಬಲ್ಲ ಒಬ್ಬ ನರ್ಸ್ ಬೇಕು ಎಂದು ಇಷ್ಟು ವರ್ಷದಲ್ಲಿ ಒಂದಾದರೂ ಮನವಿ ಕೊಟ್ಟದ್ದು ನನಗೆ ನೆನಪಿಲ್ಲ. ಸಂಘದವರು ಸಿಟ್ಟಾಗಬಹುದು. ಆಗಲಿ.

ಅಕ್ಕ, ನಿಮ್ಮ ಮಗಳಿಗೆ ದಾರಿ ಮುಗಿದಿಲ್ಲ. ಬಣ್ಣದ ಎಕ್ಸ್‌ರೇಯಲ್ಲಿ ಕೆಲವೊಮ್ಮೆ ನಾಳ ಸೆಟೆದುಕೊಂಡು ಇಲ್ಲದ ಬ್ಲಾಕ್ ಕಾಣಿಸುತ್ತದೆ, ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡುವ ಲ್ಯಾಪ್ರೋಸ್ಕೋಪಿ ಮಾಡಿದರೆ ಖಚಿತವಾಗುತ್ತದೆ. ಟಿಬಿ ಪರೀಕ್ಷೆ ಬೇಕಾ ಎಂದು ಕೇಳಿ. ನಾಳದಲ್ಲಿ ನೀರು ತುಂಬಿದೆಯಾ ಎಂದೂ ಕೇಳಿ, ತುಂಬಿದ್ದರೆ ಐವಿಎಫ್‌ಗೆ, ಅಂದರೆ ಅಂಡ ವೀರ್ಯ ಹೊರಗೆ ಸೇರಿಸಿ ಗರ್ಭಕೋಶಕ್ಕೆ ಇಡುವ ಚಿಕಿತ್ಸೆಗೆ, ಮೊದಲು ಅದನ್ನು ಸರಿಮಾಡಿಸಬೇಕು. ಅಂದ ಹಾಗೆ ಆ ಐವಿಎಫ್ ಹುಟ್ಟಿದ್ದೇ ನಾಳ ಕಟ್ಟಿದ ಹೆಂಗಸಿಗಾಗಿ. 1978ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಮೊದಲ ಪ್ರನಾಳ ಶಿಶುವಿನ ತಾಯಿಗೂ ನಿಮ್ಮ ಮಗಳ ತೊಂದರೆಯೇ ಇತ್ತು. ಮೆಡಿಕಲ್ ಶಾಪಿನಲ್ಲಿ ನೀವೇ ಮಾತ್ರೆ ಕೇಳಿ ನುಂಗಿಸಬೇಡಿ. ಅಳಿಯನ ವೀರ್ಯ ಪರೀಕ್ಷೆ ಆಗಿದೆಯಾ ಎಂದು ನಾಲ್ಕು ಪುಟದಲ್ಲಿ ಎಲ್ಲೂ ಬರೆದಿಲ್ಲ. ಆಗಿಲ್ಲ ಅಂತ ನನ್ನ ಅಂದಾಜು. ಈ ಸಲ ಅವರನ್ನೂ ಬಸ್ಸು ಹತ್ತಿಸಿ.

ಪತ್ರದ ಜೊತೆ ಎಕ್ಸ್‌ರೇ ಫಿಲ್ಮನ್ನೂ ಕಳಿಸಿದ್ದೀರಿ. ನನಗೆ ಅದು ಓದಲು ಬಾರದು. ಅಂಚೆಯಲ್ಲಿ ವಾಪಸು ಹಾಕಿದ್ದೇನೆ, ಮಡಚದೆ ಇಡಿ, ಮುಂದಿನ ಡಾಕ್ಟರಿಗೆ ಬೇಕಾಗುತ್ತದೆ.

— ಸಂ.